ಚಪ್ಪೆ ಕಾಫಿ

ಬೆಲ್ಲದ ಡಬ್ಬಿಯ ಮುಚ್ಚಳ ಬಿಗಿದುಕೊಂಡಿತ್ತು. ದಿವ್ಯ ಅದನ್ನು ಸೊಂಟಕ್ಕೆ ಒತ್ತಿ ಹಿಡಿದು, ಸೆರಗು ಸುತ್ತಿ ತಿರುಗಿಸಿ ತೆಗೆದಳು. ಹೊರಗೆ ಅಂಗಳದಲ್ಲಿ ಅವಳ ಅತ್ತಿಗೆ, ಗಂಡನ ಅಕ್ಕ ನಿಶ್ಚಿತಾಳ ಹೆಣ ಚಾಪೆಯ ಮೇಲಿತ್ತು. ಬಾಯಿಗೆ ಅಕ್ಕಿ ಹಾಕುವಾಗ ಒಂದು ಚೂರು ಬೆಲ್ಲವನ್ನೂ ಇಡಬೇಕೆಂದು ದಿವ್ಯ ಹಟ ಹಿಡಿದಿದ್ದಳು. ಹಾಗೆಲ್ಲ ಪದ್ಧತಿಯಿಲ್ಲ ಎಂದು ದೊಡ್ಡಮ್ಮ ವೆಂಕಮ್ಮ ಗೊಣಗಿದರೂ ಕೇಳಲಿಲ್ಲ.

"ವರ್ಷಾನುಗಟ್ಟಲೆ ಚಪ್ಪೆ ಕಾಫಿ ಕುಡಿದ ಜೀವ, ದೊಡ್ಡಮ್ಮ. ಹೋಗುವಾಗಲಾದ್ರೂ ಬಾಯಿ ಸಿಹಿ ಆಗ್ಲಿ."

ನಿಶ್ಚಿತಾಳಿಗೆ ಶುಗರ್ ಇತ್ತೆಂದೇ ಭಂಡಿಗಡಿ ಊರಿನವರೆಲ್ಲ ನಂಬಿದ್ದರು. ಗಂಡ ಸತ್ತ ಮೇಲೆ ಎನ್.ಆರ್.ಪುರದಿಂದ ಮಗಳನ್ನು ಕರೆದುಕೊಂಡು ತಮ್ಮ ಪ್ರದೀಪನ ಮನೆ ಸೇರಿದ್ದಳು. ಊರಿನ ಹೆಂಗಸರಿಗೆ ರವಿಕೆ ಹೊಲಿಯುತ್ತ, ಆಗಾಗ ಶಿವಮೊಗ್ಗದ ಬಸ್ಸು ಹತ್ತಿ ಮಾತ್ರೆ ತರುತ್ತಿದ್ದಳು. ಅದು ಶುಗರಿನದಲ್ಲ, ಎಚ್‌ಐವಿಯದು. ಈ ಊರಲ್ಲಿ ಆ ಸಂಗತಿ ಗೊತ್ತಿದ್ದುದು ಮಗಳು ಗಗನಾಳಿಗೆ ಮಾತ್ರ. ಒಂಬತ್ತನೇ ಕ್ಲಾಸಿನ ಆ ಹುಡುಗಿಗೂ ಹುಟ್ಟುವಾಗಲೇ ಅದು ಅಂಟಿತ್ತು. ಅವಳೂ ಅದೇ ಮಾತ್ರೆಯನ್ನು ಯಾರಿಗೂ ಕಾಣದಂತೆ ನುಂಗುತ್ತಿದ್ದಳು.

ಈಗ ಅವಳು ಹೊಲಿಗೆ ಯಂತ್ರದ ಪಕ್ಕ ಕೈ ಮುಚ್ಚಿಕೊಂಡು ಕೂತಿದ್ದಳು. ತನ್ನ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಮಾತ್ರೆ ಮುಷ್ಟಿಯಲ್ಲಿತ್ತು.

*

ಎನ್.ಆರ್.ಪುರದಲ್ಲಿ ಗಂಡನ ಮನೆಯವರು ಕಾಯಿಲೆಯ ಹೆಸರು ತಿಳಿದ ದಿನವೇ ತಾಯಿ ಮಗಳಿಗೆ ಬೇರೆ ತಟ್ಟೆ, ಬೇರೆ ಲೋಟ ಮಾಡಿದರು. ಅವನ್ನು ಇಡುವುದಕ್ಕೆ ಅಡುಗೆಮನೆಯಲ್ಲಿ ಜಾಗವಿರಲಿಲ್ಲ, ಬಚ್ಚಲಿನ ಗೂಡಿನಲ್ಲಿತ್ತು. ಅಲ್ಲಿಂದ ಹೊರಟ ಮೇಲೆ ನಿಶ್ಚಿತಾ ಆ ಹೆಸರನ್ನು ಮತ್ತೆ ಎತ್ತಲಿಲ್ಲ. ಹತ್ತಿರದ ಕೊಪ್ಪದಲ್ಲೇ ಮಾತ್ರೆ ಸಿಗುತ್ತಿತ್ತು, ಆದರೆ ಅಲ್ಲಿ ಸರದಿಯಲ್ಲಿ ನಿಂತರೆ ಊರಿನವರ ಕಣ್ಣಿಗೆ ಬೀಳದೆ ಇರುವುದುಂಟೆ? ಅದಕ್ಕೇ ಶಿವಮೊಗ್ಗ. ಸುಳ್ಳಿಗೆ ಸಕ್ಕರೆ ಕಾಯಿಲೆ ಆದೀತು, ಮನೆಗೊಬ್ಬರಿಗೆ ಇರುವಂಥದು, ಯಾರೂ ಹುಬ್ಬೇರಿಸುವುದಿಲ್ಲ. ಸಿಹಿಯೆಂದರೆ ಜೀವ ಬಿಡುವವಳು ಆ ಸುಳ್ಳಿಗಾಗಿ ಹಬ್ಬದ ಹೋಳಿಗೆಯನ್ನೂ ಮುಟ್ಟಲಿಲ್ಲ.

ಈ ವರ್ಷದ ಬೇಸಿಗೆಯಲ್ಲಿ ಶಾಲೆಯಲ್ಲಿ ಉಚಿತ ತಪಾಸಣೆ ನಡೆಯಿತು. ನಿಶ್ಚಿತಾ ಬೇಡವೆಂದರೂ ದಿವ್ಯ ಬಿಡದೆ ಎಳೆದುಕೊಂಡು ಹೋದಳು. ಬೆರಳು ಚುಚ್ಚಿ ನೋಡಿದರೆ ಶುಗರೇ ಇಲ್ಲ. ದಿವ್ಯಳಿಗೆ ಹಬ್ಬವಾಯಿತು. ಮಾತ್ರೆ ನುಂಗಿದ್ದಕ್ಕೇ ಸರಿಯಾಗಿದೆ ಎಂದು ನಿಶ್ಚಿತಾ ಹೇಳಿ ನೋಡಿದಳು. ಯಾವ ಮಾತ್ರೆ, ಡಾಕ್ಟರ ಚೀಟಿ ತೋರಿಸಿ ಎಂದು ದಿವ್ಯ ಕೈ ಚಾಚಿದಾಗ ಅವಳು ಹೊಲಿಗೆಯತ್ತ ತಿರುಗಿದಳು. ದಿವ್ಯ ಅವಳ ಮಾತ್ರೆಯ ಡಬ್ಬಿಯನ್ನು ಗೊಬ್ಬರದ ಗುಂಡಿಗೆ ಸುರಿದು ಬಂದು, ಎರಡು ಚಮಚ ಸಕ್ಕರೆ ಹಾಕಿ ಕಾಫಿ ಮಾಡಿಕೊಟ್ಟಳು. ನಿಶ್ಚಿತಾ ಅದನ್ನು ಪೂರ್ತಿ ಕುಡಿದಳು. ದಿವ್ಯ ನಗುತ್ತ ಎದುರಿಗೇ ನಿಂತಿದ್ದಳು.

ಮುಂದಿನ ಸಲ ನಿಶ್ಚಿತಾ ಚೀಲ ಹಿಡಿದು ಹೊರಟಾಗ ಪ್ರದೀಪ ಅಡ್ಡ ಬಂದ.

"ಶುಗರ್ ಇಲ್ದೋಳಿಗೆ ಶಿವಮೊಗ್ಗದಲ್ಲಿ ಎಂತ ಕೆಲಸ, ಅಕ್ಕ? ಯಾರನ್ನ ನೋಡೋಕೆ ಹೋಗ್ತಾಳೆ ಅಂತ ಜನ ಕೇಳಿದ್ರೆ ನಾ ಎಂತ ಹೇಳ್ಲಿ?"

ವಿಧವೆಗೆ ಆ ಪ್ರಶ್ನೆ ಸಾಕು. ಅವಳು ಚೀಲವನ್ನು ಮೊಳೆಗೆ ತೂಗುಹಾಕಿದಳು. ಮಾತ್ರೆಯ ಕೇಂದ್ರದವರು ಫೋನು ಮಾಡಿರಲೂಬಹುದು, ಆದರೆ ಅವಳು ಅಲ್ಲಿ ಬರೆಸಿದ್ದು ಎಂದೋ ನಿಂತುಹೋದ ಹಳೆಯ ನಂಬರು.

ಗಗನಾಳ ಮೂರು ತಿಂಗಳ ಮಾತ್ರೆಯ ಡಬ್ಬಿ ಬಟ್ಟೆಯ ರಾಶಿಯ ಅಡಿಯಲ್ಲಿದ್ದುದರಿಂದ ಉಳಿದಿತ್ತು. ಇಬ್ಬರೂ ಹಂಚಿಕೊಳ್ಳೋಣ ಎಂದು ಹುಡುಗಿ ಅತ್ತಳು.

"ಹಂಚಿಕೊಂಡ್ರೆ ಇಬ್ರಿಗೂ ಇಲ್ಲ, ಮಗಾ. ನೀ ನುಂಗು."

ಮಳೆ ಹಿಡಿಯುವ ಹೊತ್ತಿಗೆ ಕೆಮ್ಮು ಹಿಡಿಯಿತು. ಆಸ್ಪತ್ರೆಯಲ್ಲಿ ಏನು ಕೇಳಿದರೂ ಬರೀ ಕೆಮ್ಮು ಎಂದಳು, ಪಕ್ಕದಲ್ಲಿ ತಮ್ಮ ನಿಂತಿದ್ದ. ಬಾಯಿ ಬಿಟ್ಟಿದ್ದರೆ ಬದುಕುತ್ತಿದ್ದಳು. ಒಂದು ತಟ್ಟೆಯ ಭಯ ಪ್ರಾಣಕ್ಕಿಂತ ದೊಡ್ಡದಾಯಿತು.

*

ಗಗನಾ ಎದ್ದು ಅಡುಗೆಮನೆಗೆ ಬಂದಳು. ಹೇಳಿಬಿಡಬೇಕು, ನಾಳೆಗೆ ಮಾತ್ರೆಯಿಲ್ಲ ಎಂದು ಈಗಲೇ ಹೇಳಿಬಿಡಬೇಕು.

"ಅತ್ತೆ, ನಂಗೂ..."

ಅಷ್ಟರಲ್ಲಿ ವೆಂಕಮ್ಮ ಬಾಗಿಲಲ್ಲಿ ನಿಂತು, ಈ ಹೆಣ್ಣುಮಗುವನ್ನು ಇನ್ನು ಯಾರು ನೋಡಿಕೊಳ್ಳುವುದು ಎಂದು ಕೇಳಿದರು. ದಿವ್ಯ ಹುಡುಗಿಯನ್ನು ಬರಸೆಳೆದು ತಬ್ಬಿಕೊಂಡಳು.

"ಇವ್ಳನ್ನ ಎಲ್ಲಿಗೂ ಕಳ್ಸಲ್ಲ ದೊಡ್ಡಮ್ಮ. ನನ್ನ ಮಕ್ಕಳ ಜೊತೆ ಒಂದೇ ತಟ್ಟೇಲಿ ಉಣ್ತಾಳೆ." ಆಮೇಲೆ ಗಗನಾಳ ತಲೆ ಸವರಿ, "ನಿಂಗೂ ಎಂತ ಬೇಕು ಮಗಾ?" ಎಂದಳು.

"ನೀರು," ಎಂದಳು ಗಗನಾ.

ಹೊತ್ತಾಯಿತೆಂದು ಹೊರಗಿನಿಂದ ಪ್ರದೀಪ ಕರೆದ. ಒಬ್ಬೊಬ್ಬರಾಗಿ ಬಾಗಿ ಬಾಯಿಗೆ ಅಕ್ಕಿ ಹಾಕಿದರು. ಗಗನಾಳ ಸರದಿ ಬಂದಾಗ ಅವಳು ಮುಷ್ಟಿ ಬಿಚ್ಚಿದಳು. ನಾಲ್ಕು ಕಾಳು ಅಕ್ಕಿಯ ಜೊತೆ ಮಾತ್ರೆಯೂ ಅಮ್ಮನ ಬಾಯಿಗೆ ಬಿತ್ತು.

ದಿವ್ಯಳ ಕಣ್ಣಿಗೆ ಅದು ಬಿತ್ತು. "ಇದೆಂತ ಮಗಾ? ನಿನ್ನಮ್ಮಂಗೆ ಶುಗರ್ ಇರ್ಲೇ ಇಲ್ಲ," ಎಂದು ಮೆಲ್ಲಗೆ ಹೇಳಿ, ಬೆರಳ ತುದಿಯಿಂದ ಮಾತ್ರೆಯನ್ನು ಹೊರತೆಗೆದು ಅಂಗಳದ ಕೆಸರಿಗೆ ಎಸೆದಳು.

ಗಗನಾ ಅದು ಬಿದ್ದ ಕಡೆಗೇ ನೋಡುತ್ತ ನಿಂತಳು. ದಿವ್ಯ ಅತ್ತಿಗೆಯ ನಾಲಿಗೆಯ ಮೇಲೆ ಬೆಲ್ಲದ ಚೂರಿಟ್ಟು, ಗಲ್ಲ ಒತ್ತಿ ಬಾಯಿ ಮುಚ್ಚಿಸಿದಳು.