ಮೈನಸ್ ಎಂಬತ್ತರಲ್ಲಿ ಒಂದು ನಳಿಕೆ

ನಾನು ಕಿರುಬೆರಳಿನಷ್ಟೂ ಉದ್ದವಿಲ್ಲದ ಒಂದು ಪ್ಲಾಸ್ಟಿಕ್ ನಳಿಕೆ. ತಲೆಗೆ ನೀಲಿ ಮುಚ್ಚಳ, ಮೈಮೇಲೆ ನಾಲ್ಕು ಅಳತೆಯ ಗೆರೆ, ಅಷ್ಟೇ ನನ್ನ ಆಸ್ತಿ. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿಯಾಗಿ ಉದುರಿದ ದಿನವೇ ನನ್ನನ್ನೂ ಒಡಹುಟ್ಟಿದವರನ್ನೂ ಒಂದು ಚೀಲಕ್ಕೆ ತುಂಬಿ ಬಾಯಿ ಬೆಸೆದರು. ಆವತ್ತೇ ಶುರುವಾಯಿತು ನೋಡಿ ನನ್ನ ಸೆರೆವಾಸ. ಚೀಲದಿಂದ ಪೆಟ್ಟಿಗೆ, ಪೆಟ್ಟಿಗೆಯಿಂದ ಲಾರಿ, ಲಾರಿಯಿಂದ ಹುಬ್ಬಳ್ಳಿಯ ಒಂದು ಕ್ಯಾನ್ಸರ್ ಆಸ್ಪತ್ರೆಯ ಲ್ಯಾಬಿನ ಕಪಾಟು.

ಕಪಾಟಿನಿಂದ ನನ್ನನ್ನು ಹೊರತೆಗೆದವಳು ರೇಷ್ಮಾ ನದಾಫ್, ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು. ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೊಳಗೆ ಸದ್ದಿಲ್ಲದೆ ಬೆಳೆಯುತ್ತದೆ, ಗೊತ್ತಾಗುವಷ್ಟರಲ್ಲಿ ಕೈಮೀರಿರುತ್ತದೆ. ರಕ್ತ ಹೆಪ್ಪುಗಟ್ಟಿದ ಮೇಲೆ ತೇಲುವ ತಿಳಿ ಇದೆಯಲ್ಲ, ಸೀರಮ್, ಅದರಲ್ಲಿ ನೂರಾರು ಪ್ರೋಟೀನುಗಳಿವೆ. ಅವುಗಳಲ್ಲಿ ಒಂದಾದರೂ ರೋಗಿಗಳಲ್ಲಿ ಏರಿಯೋ ಇಳಿದೋ ಇದ್ದರೆ, ಅದೇ ರೋಗದ ಗುರುತು. ಆ ಗುರುತು ಹುಡುಕುವುದೇ ಅವಳ ಕೆಲಸ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಿತ್ತು. ಅದಕ್ಕೆ ರೋಗಿಗಳ ಜೊತೆ ಬಂದ ಹೆಂಗಸರನ್ನೇ ಕೇಳುತ್ತಿದ್ದಳು.

ನನ್ನ ಪಾಲಿಗೆ ಬಂದದ್ದು ಕಲ್ಲವ್ವನ ರಕ್ತ. ನೆಗೆಣ್ಣಿಯನ್ನು ವಾರ್ಡಿಗೆ ಸೇರಿಸಿ ಬಂದು ತೋಳು ಚಾಚಿ ಕೂತಳು.

"ತಗೋರಿ ಬಾಯಾರ, ಹೆದರಬ್ಯಾಡ್ರಿ. ಆಕಿಗೆ ಬಂದದ್ದು ಇನ್ನೊಬ್ಬಾಕಿಗೆ ಬರಬಾರದು ನೋಡ್ರಿ."

ಆಗ ಬೆಳಿಗ್ಗೆ ಹತ್ತು ಗಂಟೆ. ರಕ್ತದ ಕೊಳವೆಯನ್ನು ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸಿದರೆ ಸೀರಮ್ ಬೇರೆಯಾಗುತ್ತದೆ. ಆ ಯಂತ್ರದ ಯಜಮಾನ ಯಮನೂರಪ್ಪ. ಲ್ಯಾಬಿಗೆ ಸೇರುವ ಮೊದಲು ನವಲಗುಂದದ ರಸ್ತೆಯಲ್ಲಿ ಮಂದಿ ತುಂಬಿದ ಮೇಲಷ್ಟೇ ಹೊರಡುವ ಟಂಟಂ ಆಟೋ ಓಡಿಸಿದವನು, ಬಲು ಒಳ್ಳೆಯ ಮನುಷ್ಯ. ಯಂತ್ರದಲ್ಲಿ ಇಪ್ಪತ್ನಾಲ್ಕು ತೂತು. ಇಪ್ಪತ್ನಾಲ್ಕೂ ತುಂಬುವ ತನಕ ಆಸಾಮಿ ಗುಂಡಿ ಒತ್ತುವವನಲ್ಲ! ಕಲ್ಲವ್ವನ ರಕ್ತ ಏಪ್ರಿಲ್ ತಿಂಗಳ ಸೆಕೆಯಲ್ಲಿ ಮೇಜಿನ ಮೇಲೆ ಕೂತೇ ಕೂತಿತು. ಹೆಪ್ಪಿನೊಳಗಿನ ಕಣಗಳು ತಮ್ಮ ಪ್ರೋಟೀನನ್ನು ಸೀರಮ್ಮಿಗೆ ಸೋರಿಸತೊಡಗಿದವು. ನಾನು ಪಕ್ಕದ ಸ್ಟ್ಯಾಂಡಿನಲ್ಲಿ ಬಾಯಿ ತೆರೆದು ನಿಂತು ಎಲ್ಲ ನೋಡುತ್ತಿದ್ದೆ. ತಿರುಗಿಸೋ ಮಾರಾಯಾ ಎಂದು ಕೂಗಬೇಕೆನಿಸುತ್ತಿತ್ತು. ಯಂತ್ರ ತಿರುಗಿದಾಗ ಮಧ್ಯಾಹ್ನ ಮೂರು. ರೇಷ್ಮಾ ಪಕ್ಕದ ಕೋಣೆಯಲ್ಲಿ ಒಪ್ಪಿಗೆ ಪತ್ರಗಳಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದಳು. ಅವಳ ನಮೂನೆಯಲ್ಲಿ ರಕ್ತ ತೆಗೆದ ಸಮಯಕ್ಕೆ ಜಾಗವಿತ್ತು, ತಿರುಗಿಸಿದ ಸಮಯಕ್ಕೆ ಇರಲಿಲ್ಲ.

ಆಮೇಲೆ ನನ್ನೊಳಗೆ ಸೀರಮ್ ಸುರಿದು, ಮುಚ್ಚಳ ಬಿಗಿದು, ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿಗೆ ತಳ್ಳಿದರು. ಅಯ್ಯೋ, ಆ ಚಳಿ! ಹೊಟ್ಟೆಯಲ್ಲಿದ್ದದ್ದು ಕಲ್ಲಾಯಿತು. ಎಂಬತ್ತೊಂದು ಮನೆಗಳ ಒಂದು ಡಬ್ಬಿ, ಅದರಲ್ಲಿ ನನಗೊಂದು ಮನೆ, ಅಲುಗಾಡಲು ಎಳ್ಳಷ್ಟೂ ಜಾಗವಿಲ್ಲ. ಹಗಲಿಲ್ಲ, ಇರುಳಿಲ್ಲ. ಹೀಗೆ ಎರಡು ವರ್ಷ.

ಒಂದು ದಿನ ಹೊರತೆಗೆದು ಕರಗಿಸಿ, ಒಂದಿಷ್ಟು ಹನಿ ಹೀರಿ ಪ್ರೋಟೀನು ಅಳೆಯುವ ದೊಡ್ಡ ಯಂತ್ರಕ್ಕೆ ಕೊಟ್ಟರು. ವಾರ ಕಳೆದ ಮೇಲೆ ಲ್ಯಾಬಿನ ತುಂಬ ಸಂಭ್ರಮಕ್ಕೆ ತರಿಸಿದ ಗಿರ್ಮಿಟ್ಟಿನ ವಾಸನೆ. ಗುರುತು ಸಿಕ್ಕಿತ್ತಂತೆ! ಒಂದು ಪ್ರೋಟೀನು ಆರೋಗ್ಯವಂತರಲ್ಲಿ ಹೆಚ್ಚು, ರೋಗಿಗಳಲ್ಲಿ ಕಡಿಮೆ. ರೇಷ್ಮಾಳ ಗುರು ಇನಾಮದಾರರು ಸಂಶೋಧನಾ ಪೇಪರ್ ಅಚ್ಚು ಹಾಕಿಸಿದರು, ಮುನ್ನೂರು ಹೆಂಗಸರ ತಪಾಸಣೆಗೆ ಕ್ಯಾಂಪಿನ ತಾರೀಖೂ ಗೊತ್ತು ಮಾಡಿದರು. ಅದು ರೋಗದ ಗುರುತಲ್ಲ, ರಕ್ತ ಯಂತ್ರಕ್ಕಾಗಿ ಕಾದು ಕೂತದ್ದರ ಗುರುತು. ನಾಳೆ ರೋಗವಿದ್ದವಳ ರಕ್ತವೂ ಹೀಗೇ ಕೂತರೆ, ನಿನಗೇನೂ ಇಲ್ಲ ಎಂದು ಮನೆಗೆ ಕಳಿಸಿಬಿಡುತ್ತಾರೆ. ನನಗದು ಗೊತ್ತು, ಆದರೆ ನನ್ನ ಬಾಯಿಗೆ ಮುಚ್ಚಳ.

ಕ್ಯಾಂಪಿಗೆ ಹತ್ತು ದಿನವಿತ್ತು. ಅಲ್ಲಿಗೆಂದು ತರಿಸಿದ ಹೊಸ ತಪಾಸಣಾ ಕಿಟ್ ಪರೀಕ್ಷಿಸಲು ರೇಷ್ಮಾ ತನ್ನದೇ ರಕ್ತ ತೆಗೆಸಿಕೊಂಡಳು. ಯಂತ್ರದ ಸಮತೋಲಕ್ಕೆ ಎದುರು ತೂತಿನಲ್ಲಿ ನೀರಿನ ಕೊಳವೆಯಿಟ್ಟು, ಅರ್ಧ ಗಂಟೆಯೊಳಗೆ ತಾನೇ ತಿರುಗಿಸಿದಳು. ಹೋಲಿಕೆಗೆಂದು ನನ್ನನ್ನು ಹೊರಗೆ ತಂದು ಐಸಿನಲ್ಲಿಟ್ಟಳು. ಅವಳ ಪ್ರೋಟೀನು ರೋಗಿಗಳಿಗಿಂತಲೂ ಕಡಿಮೆ ಬಂತು. ತನಗೂ ರೋಗವಿದೆಯೆಂದುಕೊಂಡಳು ಹುಡುಗಿ. ಓಡಿಹೋಗಿ ಸ್ಕ್ಯಾನ್ ಮಾಡಿಸಿದಳು, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮತ್ತೆ ರಕ್ತ ತೆಗೆದಳು, ಮತ್ತೆ ಅದೇ. ತಲೆ ಹಿಡಿದು ಕೂತವಳ ಮುಂದೆ ಯಮನೂರಪ್ಪ ಚಹಾ ಇಟ್ಟ.

"ಯಾಕ್ರೀ ಮೇಡಮ್ಮಾರ, ಮಾರಿ ಸಣ್ಣದಾಗೇತಿ? ಅಲ್ರೀ, ಒಂದ ಕೊಳವಿಗೆ ಮಷಿನ್ ಬಿಟ್ರೇನು? ನಾನು ಗಾಡಿ ತುಂಬಲಾರದ ಬಿಡಂಗಿಲ್ಲ ನೋಡ್ರಿ."

"ಹಂಗಂದ್ರ?"

"ಪೇಶಂಟ್ ಮಂದಿ ಮಂಗಳವಾರ ಮುಂಜಾನೆ ಒಮ್ಮಿಗೇ ಬರ್ತಾರ, ಗಾಡಿ ಲಗೂನ ಫುಲ್. ನಿಮ್ಮ ಆರಾಮ ಇದ್ದವ್ರು ಒಬ್ಬೊಬ್ರ ಬರ್ತಾರ, ಸಂಜಿನ ಆಗ್ತೈತಿ."

ರೇಷ್ಮಾ ಮೊದಲು ನಕ್ಕಳು, ತನಗೆ ರೋಗವಿಲ್ಲವೆಂದು. ಆಮೇಲೆ, ಸಿಕ್ಕ ಗುರುತೇ ಸುಳ್ಳೆಂದು ಅಳತೊಡಗಿದಳು. ಮರುದಿನ ತನ್ನ ರಕ್ತವನ್ನೇ ಎರಡು ಕೊಳವೆ ತೆಗೆದು, ಒಂದನ್ನು ಐದು ತಾಸು ಹಾಗೇ ಬಿಟ್ಟಳು. ಬಿಟ್ಟದ್ದರಲ್ಲಿ ಪ್ರೋಟೀನು ಏರಿತ್ತು.

ಅದನ್ನು ಇನಾಮದಾರರಿಗೆ ತೋರಿಸಿದಳು. "ಪೇಪರ್ ಅಚ್ಚಾಗೇತಿ, ಕ್ಯಾಂಪಿಂದು ಎಲ್ಲಾರಿಗೂ ತಿಳಿಸೇವಿ. ನಿನ್ನ ಮೂರು ವರ್ಷ ನೀರಾಗ ಹೊಕ್ಕಾವ ರೇಷ್ಮಾ. ಒಂದಿಷ್ಟು ದಿನ ಸುಮ್ನಿರು."

"ನಾ ಸುಮ್ನಿದ್ರ, ಬ್ಯಾನಿ ಇದ್ದಾಕಿಗೆ ಆರಾಮ ಇದ್ದೀ ಹೋಗವಾ ಅಂದಂಗ ಆಗ್ತದ ಸರ್."

ಅವರು ಫೋನ್ ಎತ್ತಿ ಕ್ಯಾಂಪ್ ನಿಲ್ಲಿಸಿದರು. ಪೇಪರನ್ನೂ ಹಿಂದಕ್ಕೆ ಪಡೆದರು.

ಇನ್ನು ನನಗೆ ಕಸದ ಹಳದಿ ಚೀಲವೇ ಗತಿ ಎಂದುಕೊಂಡೆ. ನಿಜ ಹೇಳಲೇ? ಆಸೆಯೂ ಆಗಿತ್ತು. ಸುಟ್ಟು ಬೂದಿಯಾದರೂ ಸರಿ, ಈ ಡಬ್ಬಿಯಿಂದ ಹೊರಬಿದ್ದರೆ ಸಾಕಿತ್ತು. ರೇಷ್ಮಾ ಬಿಡಲಿಲ್ಲ. ಕೊಟ್ಟವರ ರಕ್ತ ಎಸೆಯಲು ಮನಸ್ಸು ಬರಲಿಲ್ಲ ಅವಳಿಗೆ. ಮುಂದೆ ಬರುವವರಿಗೆ ಈ ತಪ್ಪು ತೋರಿಸಲಾದರೂ ಬೇಕೆಂದಳು. ನನ್ನ ಹಳೆಯ ಚೀಟಿಯ ಪಕ್ಕ ಹೊಸದೊಂದು ಅಂಟಿಸಿ, ಯಂತ್ರದೊಳಗೆ ದಾಖಲಾಗಿದ್ದ ಹಳೆಯ ಸಮಯ ನೋಡಿ, ಪುಟ್ಟ ಅಕ್ಷರದಲ್ಲಿ ಬರೆದಳು: "ತೆಗೆದದ್ದು ಹತ್ತಕ್ಕೆ, ತಿರುಗಿಸಿದ್ದು ಮೂರಕ್ಕೆ. ಹೋಲಿಕೆಗೆ ಬಳಸಬೇಡಿ."

ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿ ಇಟ್ಟು ಬಾಗಿಲು ಹಾಕಿದಳು. ಈಗಲೂ ಅದೇ ಕತ್ತಲೆ, ಅದೇ ಚಳಿ. ನನ್ನಂಥ ಹಳಬನಿಗೆ ಬಿಡುಗಡೆಯ ಮಾತೇ ಇಲ್ಲ. ಆದರೂ ಸಮಾಧಾನವಿದೆ. ಇನ್ನು ಮೇಲೆ ಯಾರು ನನ್ನನ್ನು ಕೈಗೆತ್ತಿಕೊಂಡರೂ, ಮುಚ್ಚಳ ತೆಗೆಯುವ ಮೊದಲೇ ಆ ಚೀಟಿ ಓದುತ್ತಾರೆ.