ಬಾಡಿಗೆಗೆ ಸೇರದ್ದು

ಮೇಲಂತಸ್ತಿನ ಮನೆಯ ಬಾಡಿಗೆ ಎರಡು ಕಡೆಯಿಂದ ಬರುತ್ತಿತ್ತು. ದೊಡ್ಡ ಪಾಲು ಸರ್ಕಾರದ ವಸತಿ ಕಚೇರಿಯಿಂದ, ತಿಂಗಳ ಮೊದಲ ದಿನವೇ, ನೇರವಾಗಿ ಮನೆಯೊಡತಿ ವರ್ಲೀನ್ ಟಬ್ಸ್‌ಳ ಬ್ಯಾಂಕ್ ಖಾತೆಗೆ. ಸಣ್ಣ ಪಾಲು ಅಲ್ಲಿ ಬಾಡಿಗೆಗಿದ್ದ ಲಟ್ರೀಸ್ ಪೆಟ್ವೇಯ ಕೈಯಿಂದ, ಹಿಂಬದಿ ಮೆಟ್ಟಿಲಿಳಿದು, ಅಡುಗೆಮನೆಯ ಮೇಜಿಗೆ. ಡಿಸೆಂಬರ್‌ನಲ್ಲಿ ದೊಡ್ಡ ಪಾಲು ಬರಲಿಲ್ಲ. ಹಬ್ಬದ ಗಡಿಬಿಡಿಯಲ್ಲಿ ಕಚೇರಿಯವರು ಮರೆತಿರಬೇಕು ಎಂದುಕೊಂಡು ವರ್ಲೀನ್ ಸುಮ್ಮನಿದ್ದಳು. ಜನವರಿಯಲ್ಲೂ ಬರದಿದ್ದಾಗ ಫೋನ್ ಹಿಡಿದು ಕೂತಳು. ಕಚೇರಿಯವರು ಹಾಕಿದ ಸಂಗೀತ ಕೇಳಿ ಕೇಳಿ ಕಿವಿ ಬಿಸಿಯಾದ ಮೇಲೆ ಯಾರೋ ಒಬ್ಬಳು ಸಿಕ್ಕಿದಳು.

"ನಿಮ್ಮ ಮೇಲೆ ವಿಚಾರಣೆ ಇದೆ ಮೇಡಂ. ಅದು ಮುಗಿಯೋವರೆಗೂ ದುಡ್ಡು ತಡೆದಿದ್ದೀವಿ. ಗುರುವಾರ ಬನ್ನಿ, ಬಾಡಿಗೆಯವರನ್ನೂ ಕರ್ಕೊಂಡು ಬನ್ನಿ."

ವರ್ಲೀನ್‌ಗೆ ಎಪ್ಪತ್ತು ದಾಟಿದೆ. ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಮೈ ಸುಟ್ಟುಕೊಂಡು ದುಡಿದು ಕ್ಲೀವ್‌ಲ್ಯಾಂಡಿನ ಪೂರ್ವ ಬಡಾವಣೆಯಲ್ಲಿ ಕೊಂಡ ಮನೆ ಇದು. ಈಗ ಅವನಿಲ್ಲ, ಕಾರ್ಖಾನೆಯೂ ಇಲ್ಲ, ಮನೆಯ ತೆರಿಗೆ ಮಾತ್ರ ವರ್ಷವರ್ಷವೂ ಏರುತ್ತಿದೆ. ತೆರಿಗೆ, ಗ್ಯಾಸ್ ಬಿಲ್ಲು, ಸೋರುವ ಚಾವಣಿ, ಎಲ್ಲಕ್ಕೂ ಆ ಬಾಡಿಗೆಯೇ ಗತಿ. ಅಂದು ಅವಳಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕಲ್ಲ. ಸುಮ್ಮನೆ ಪೊರಕೆಯ ಹಿಡಿಯಿಂದ ಚಾವಣಿಗೆ ಎರಡು ಸಲ ಕುಟ್ಟಿದಳು. ಹಾಗೆ ಕುಟ್ಟಿದರೆ ಲಟ್ರೀಸ್ ಇಳಿದು ಬರುತ್ತಾಳೆ.

ಬಂದಳು, ವೃದ್ಧಾಶ್ರಮದ ಕೆಲಸದ ನೀಲಿ ಬಟ್ಟೆಯಲ್ಲೇ.

"ಕಚೇರೀಲಿ ನನ್ನ ವಿಷಯ ಏನಾದ್ರೂ ಬಾಯಿಬಿಟ್ಯಾ?"

"ಒಳ್ಳೇದೇ ಹೇಳಿದೀನಿ ಮಿಸ್ ವರ್ಲೀನ್!" ಎಂದು ಲಟ್ರೀಸ್ ಕುರ್ಚಿ ಎಳೆದುಕೊಂಡಳು. "ವರ್ಷಕ್ಕೊಂದ್ಸಲ ಸಂಬಳದ ಚೀಟಿ ತೋರ್ಸೋಕೆ ಕರೀತಾರಲ್ಲ, ಆಗ ಆ ನೊವಾಕ್ ಮೇಡಂ ಕೇಳಿದ್ರು, ಓನರ್ ಹೇಗೆ ಅಂತ. ಚಿನ್ನದಂಥವರು ಅಂದೆ. ಆರು ವರ್ಷದಿಂದ ಬಾಡಿಗೆ ಏರಿಸಿಲ್ಲ, ನಾನೂ ಋಣ ಇಟ್ಕೊಳ್ಳಲ್ಲ, ಭಾನುವಾರ ಊಟ ಮಾಡ್ಕೊಡ್ತೀನಿ, ಬಟ್ಟೆ ಒಗೀತೀನಿ, ಅವರ ಭುಜ ಮೇಲೇಳಲ್ಲ ಅಂತ ಶನಿವಾರ ತಲೆಗೂದಲು ಹೆಣೀತೀನಿ, ನನ್ನ ಮಗಳು ಇಮಾನಿ ಅವರನ್ನ ಅಜ್ಜಿ ಅಂತಾಳೆ ಅಂದೆ. ನಿಮಗೆ ಒಳ್ಳೇ ಹೆಸರು ಬರ್ಲಿ ಅಂತ!"

ವರ್ಲೀನ್ ತಲೆ ಮೇಲೆ ಕೈಹೊತ್ತು ಕೂತಳು. "ಅಯ್ಯೋ ಹುಚ್ಚಿ. ಹೊಗಳಿ ಹೊಗಳಿ ನೇಣಿಗೆ ಹಾಕ್ಸಿದೆಯಲ್ಲೇ."

ಬಡವರ ಬಾಡಿಗೆಯ ದೊಡ್ಡ ಪಾಲನ್ನು ಸರ್ಕಾರವೇ ಕಟ್ಟುವ ಈ ವೋಚರ್ ಮನೆಗಳ ಕಾನೂನು ಹಾಗಿದೆ. ಕಚೇರಿ ಗೊತ್ತುಮಾಡಿದ ಪಾಲಿನ ಮೇಲೆ ಓನರ್ ಏನನ್ನೂ ತೆಗೆದುಕೊಳ್ಳುವಂತಿಲ್ಲ, ದುಡ್ಡಾಗಲಿ ದುಡಿಮೆಯಾಗಲಿ. ಒಂದು ತಟ್ಟೆ ಕಾಲರ್ಡ್ ಸೊಪ್ಪು, ಜೋಳದ ಬ್ರೆಡ್ಡು ಕೂಡ ಕಚೇರಿಯ ಕಣ್ಣಿಗೆ ಕಳ್ಳ ಬಾಡಿಗೆ. ಕೊಟ್ಟವಳ ವೋಚರ್ ಹೋಗುತ್ತದೆ. ಅದು ಬಾಡಿಗೆಯಲ್ಲ, ನಾವು ಒಂದೇ ಮನೆಯವರು ಎಂದರೆ ಇನ್ನೊಂದು ಗುಂಡಿ. ಸಂಬಂಧಿಕರ ಮನೆಗೆ ಸರ್ಕಾರ ಬಾಡಿಗೆ ಕಟ್ಟುವುದಿಲ್ಲ. ಕಾನೂನು ಬರೆದವರಿಗೆ ಯಾರೂ ಎಂದೂ ಸುಮ್ಮನೆ ಒಂದು ತಟ್ಟೆ ಊಟ ಕೊಟ್ಟಿರಲಿಕ್ಕಿಲ್ಲ, ಪಾಪ.

ವೋಚರ್ ಇಲ್ಲದೆ ಹೋದರೆ ಏನೆಂದು ಲಟ್ರೀಸ್‌ಗೆ ಯಾರೂ ಹೇಳಬೇಕಿರಲಿಲ್ಲ. ಇಮಾನಿ ಕೈಗೂಸಾಗಿದ್ದಾಗ ಒಂದು ಚಳಿಗಾಲವಿಡೀ ಅವಳು ನಿರಾಶ್ರಿತರ ಕೇಂದ್ರದಲ್ಲಿ, ಚಪ್ಪಲಿ ಕದ್ದುಹೋಗದಿರಲೆಂದು ತಲೆದಿಂಬಿನಡಿ ಇಟ್ಟುಕೊಂಡು ಮಲಗಿದ್ದಳು. 

"ಈಗೇನು ಮಾಡೋದು?"

"ನಾನು ಹೇಳ್ದಂಗೆ ಹೇಳೋದು. ಇನ್ನೇನು ಮಾಡೋದು?"

ಗುರುವಾರ ಬಸ್ಸಿನಲ್ಲಿ ಉದ್ದಕ್ಕೂ ಪಾಠ ನಡೆಯಿತು. ಕಿಟಕಿಯಾಚೆ ಹಿಮ ಕೊಳೆ ಮೆತ್ತಿ ಕಪ್ಪಾಗಿ ಬಿದ್ದಿತ್ತು. ವರ್ಲೀನ್ ಧ್ವನಿ ತಗ್ಗಿಸಿ ಹೇಳಿಕೊಟ್ಟಳು: "ಊಟದ ಮಾತು ಬಂದ್ರೆ, ಮಿಕ್ಕಿದ್ದು ಅನ್ನು. ತಲೆ ಮಾತು ಬಂದ್ರೆ, ಯಾವಾಗಲೋ ಒಂದ್ಸಲ ಅನ್ನು. ನಾನು ನಿನಗೇನು ಅಂತ ಕೇಳಿದ್ರೆ, ಓನರ್ ಅನ್ನು, ಬಾಯ್ಮುಚ್ಕೋ."

"ಅಷ್ಟು ಸುಳ್ಳು ನನ್ನ ಬಾಯಲ್ಲಿ ಬರಲ್ಲ ಮಿಸ್ ವರ್ಲೀನ್."

"ಮಗೂನ ನೆನೆಸ್ಕೋ, ತಾನಾಗೇ ಬರುತ್ತೆ."

ನೊವಾಕ್ ಮೇಡಂಗೆ ಜೋರು ನೆಗಡಿ. ಮೇಜಿನ ಮೇಲೆ ಫೈಲಿಗಿಂತ ಮೂಗೊರೆಸಿ ಬಿಸಾಡಿದ ಕಾಗದವೇ ಹೆಚ್ಚಿತ್ತು. ಕೆಟ್ಟವಳೇನಲ್ಲ. ದಿನವಿಡೀ ಜನರ ಕಷ್ಟ ಕೇಳಿ ಕೇಳಿ ಮನಸ್ಸು ಮರಗಟ್ಟಿದ ಹೆಂಗಸು, ಅಷ್ಟೆ.

"ಮಿಸೆಸ್ ಟಬ್ಸ್, ಈಕೆ ನಿಮಗೆ ಅಡುಗೆ ಮಾಡ್ಕೊಡ್ತಾರಂತೆ?"

"ಮಿಕ್ಕಿದ್ದು ಕೊಡ್ತಾಳೆ. ಕಸದ ಡಬ್ಬಿಗೆ ಹಾಕೋ ಬದಲು ನನಗೆ ಹಾಕ್ತಾಳೆ."

"ತಲೆ ಹೆಣೆಯೋದು?"

"ಹೊತ್ತು ಹೋಗ್ದೇ ಇದ್ದಾಗ."

"ಮಗು ನಿಮ್ಮನ್ನ ಅಜ್ಜಿ ಅನ್ನುತ್ತಂತೆ. ನಿಮಗೂ ಇವರಿಗೂ ಸಂಬಂಧ ಇದ್ಯಾ? ರಕ್ತದಲ್ಲೋ, ಮದುವೆಯಿಂದಲೋ?"

"ನಮ್ಮ ಬೀದೀಲಿ ನೆರೆಗೂದಲು ಕಂಡ್ರೆ ಸಾಕು, ಮಕ್ಕಳು ಅಜ್ಜಿ ಅಂತವೆ. ನನಗೆ ಸಂಬಂಧದೋರು ಯಾರೂ ಉಳಿದಿಲ್ಲ."

ನೊವಾಕ್ ಪೆನ್ನು ಕೆಳಗಿಟ್ಟು ಇಬ್ಬರನ್ನೂ ನೋಡಿದಳು. ನಂಬಿಕೆ ಬಂದಂತಿರಲಿಲ್ಲ. "ಹಾಗಾದ್ರೆ ಈಕೆ ನಿಮಗೇನು?"

ಇನ್ನೊಂದು ಮಾತು ಬಿದ್ದರೆ ಗೆದ್ದೆವು, ತಡವರಿಸಿದರೆ ಸತ್ತೆವು ಎಂದು ವರ್ಲೀನ್‌ಗೆ ಅನಿಸಿತು. ಭುಜ ನೋಯುತ್ತಿತ್ತು, ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು.

"ಬಾಡಿಗೆಯವಳು. ಬೇರೆ ಏನೂ ಅಲ್ಲ. ಇಂಥೋರು ಬರ್ತಾರೆ, ಹೋಗ್ತಾರೆ. ಇವಳು ನಾಳೆ ಹೋದ್ರೆ ನಾಡಿದ್ದು ಇನ್ನೊಬ್ಬಳು. ನನಗೆ ಬೇಕಾಗಿರೋದು ಒಂದನೇ ತಾರೀಕು ದುಡ್ಡು, ಇವಳ ಮುಖ ಅಲ್ಲ."

ಮಾತು ಚೆನ್ನಾಗಿ ಬಂತು. ಬೇಕಾದ್ದಕ್ಕಿಂತ ಚೆನ್ನಾಗಿ ಬಂತು.

"ನೀವೇನಂತೀರಿ?" ಎಂದು ನೊವಾಕ್ ತಿರುಗಿದಳು.

"ಓನರ್," ಎಂದಳು ಲಟ್ರೀಸ್. ಧ್ವನಿ ನಡುಗಲಿಲ್ಲ.

ನೊವಾಕ್ ಫೈಲು ಮುಚ್ಚಿದಳು. ಈ ಸಲ ಎಚ್ಚರಿಕೆ ಕೊಟ್ಟು ಬಿಡುತ್ತೇನೆ, ತಡೆದ ದುಡ್ಡು ಒಟ್ಟಿಗೇ ಬರುತ್ತದೆ, ಆದರೆ ಇನ್ನು ಮೇಲೆ ಊಟವಿಲ್ಲ, ಬಟ್ಟೆಯಿಲ್ಲ, ತಲೆಯಿಲ್ಲ, ಬಾಡಿಗೆಯವರು ತಮ್ಮ ಪಾಲಿಗೆ ತಿಂಗಳು ತಿಂಗಳು ರಸೀದಿ ಪಡೆಯಬೇಕು ಎಂದಳು. ಯಾವಾಗ ಬೇಕಾದರೂ ಮನೆಗೆ ಬಂದು ನೋಡುತ್ತೇವೆ ಎಂದೂ ಸೇರಿಸಿ ಸೀನಿದಳು.

ಹೊರಗೆ ಕಚೇರಿಯ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿತ್ತು. ಲಟ್ರೀಸ್ ಅಭ್ಯಾಸಬಲದಿಂದ ಮುದುಕಿಯ ಮೊಣಕೈ ಹಿಡಿದಳು, ಹಿಡಿದವಳು ಬಿಟ್ಟಳು. "ಇದೂ ಬಾಡಿಗೆಗೆ ಸೇರುತ್ತೇನೋ," ಎಂದು ನಕ್ಕಳು. ವರ್ಲೀನ್ ನಗಲು ಹೋದಳು, ಆಗಲಿಲ್ಲ. ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.

ಇಬ್ಬರೂ ಹೋಗಿ ಬಸ್ಸಿಗೆ ಕಾಯುತ್ತ ನಿಂತರು.

"ಅದೆಲ್ಲ ನಾಟಕ ಕಣೇ," ಎಂದಳು ವರ್ಲೀನ್.

"ಗೊತ್ತು. ಆದ್ರೆ ಮುಖ ಬೇಡ ಅಂದ್ರಲ್ಲ, ಅದನ್ನ ಬಸ್ಸಲ್ಲಿ ಹೇಳ್ಕೊಟ್ಟಿರ್ಲಿಲ್ಲ."

"ಆಯಮ್ಮ ನಂಬ್ಲಿ ಅಂತ ಅಂದೆ."

"ನಂಬಿದ್ರು. ನಾನೂ ಒಂದು ಗಳಿಗೆ ನಂಬಿಬಿಟ್ಟೆ."

 ವರ್ಲೀನ್ ತಪ್ಪಾಯಿತು ಎನ್ನಬಹುದಿತ್ತು. ಅಷ್ಟರಲ್ಲಿ ಬಸ್ಸು ಬಂತು, ಸೀಟೂ ಒಟ್ಟಿಗೆ ಸಿಗಲಿಲ್ಲ.

ಆಮೇಲೆ ಮನೆ ಸದ್ದಿಲ್ಲದಾಯಿತು. ಹಿಂಬದಿ ಮೆಟ್ಟಿಲಲ್ಲಿ ಓಡಿ ಬರುತ್ತಿದ್ದ ಇಮಾನಿಯನ್ನು ಲಟ್ರೀಸ್ ಮೇಲಿನಿಂದಲೇ ಹೆಸರು ಹಿಡಿದು ಕರೆದು ವಾಪಸ್ಸು ಕರೆಸಿಕೊಳ್ಳುವುದು ಎರಡು ಸಲ ಕೇಳಿಸಿತು. ವರ್ಲೀನ್ ಡಬ್ಬಿಯ ಸೂಪು ಬಿಸಿ ಮಾಡಿಕೊಂಡಳು. ಕೂದಲಿಗೆ ಕರವಸ್ತ್ರ ಕಟ್ಟಿಕೊಂಡಳು. ಪೊರಕೆ ಹಿಡಿದು ಚಾವಣಿ ನೋಡಿದವಳು ಹಾಗೇ ಮೂಲೆಗಿಟ್ಟಳು.

ಫೆಬ್ರವರಿ ಒಂದರಂದು ಕಚೇರಿಯ ದುಡ್ಡೆಲ್ಲ ಬಂದು ಬಿತ್ತು. ಸಂಜೆ ಮುಂಬಾಗಿಲ ಗಂಟೆ ಸದ್ದು ಮಾಡಿತು. ಆರು ವರ್ಷದಲ್ಲಿ ಲಟ್ರೀಸ್ ಆ ಗಂಟೆ ಒತ್ತಿದ್ದೇ ಇಲ್ಲ. ತನ್ನ ಪಾಲಿನ ಬಾಡಿಗೆಯ ಮನಿ ಆರ್ಡರ್ ಚೀಟಿ ಮುಂದೆ ಚಾಚಿ ಹೊಸಿಲಾಚೆಯೇ ನಿಂತಳು.

"ರಸೀದಿ ಬೇಕಿತ್ತು."

"ಒಳಗೆ ಬಾರೇ. ಚಳಿ ಕೊರೀತಿದೆ."

"ಬೇಡಿ. ಇಲ್ಲೇ ಇರ್ತೀನಿ."

"ಇನ್ನೂ ಸಿಟ್ಟಾ? ತಪ್ಪಾಯ್ತು ಅಂತಿದೀನಿ ಕಣೇ. ಬಾಯಿಂದ ಜಾರಿ ಬಂತು. ನಿನ್ನ ಮುಖ ನೋಡದೆ ನನಗೆ ದಿನ ಹೋಗಲ್ಲ, ಸಾಕಾ?"

ಲಟ್ರೀಸ್‌ಳ ಕಣ್ಣು ತುಂಬಿತು. ಅವಳು ಬೀದಿಯ ಆ ತುದಿಗೊಮ್ಮೆ, ಈ ತುದಿಗೊಮ್ಮೆ ನೋಡಿದಳು, ಯಾರಾದರೂ ನಿಂತು ಬರೆದುಕೊಳ್ಳುತ್ತಿದ್ದಾರೆಯೇ ಎನ್ನುವ ಹಾಗೆ.

"ಸಿಟ್ಟಿಲ್ಲ ಮಿಸ್ ವರ್ಲೀನ್. ಭಯ. ಇಮಾನಿಗೆ ಮನೆ ಬೇಕು, ನೀವೂ ಬೇಕು. ಎರಡನ್ನೂ ಇಟ್ಕೊಳ್ಳೋಕೆ ಅವರು ಬಿಡಲ್ಲ." ಅವಳು ಮೂಗೊರೆಸಿಕೊಂಡಳು. "ನಾನು ಮನೆ ಇಟ್ಕೋತೀನಿ."

 ಈ ಹುಡುಗಿ ತಪ್ಪು ಹೇಳುತ್ತಿದ್ದಾಳೆಂದು ವರ್ಲೀನ್‌ಗೆ ಅನಿಸಲಿಲ್ಲ. ಆ ಜಾಗದಲ್ಲಿ ತಾನಿದ್ದರೂ ಮನೆಯನ್ನೇ ಇಟ್ಟುಕೊಳ್ಳುತ್ತಿದ್ದಳು. ಬಾಗಿಲಿಗೆ ಕಾಗದ ಆನಿಸಿ, ಏಳದ ಭುಜವನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದು, ಲಟ್ರೀಸ್ ಪೆಟ್ವೇಯಿಂದ ಈ ತಿಂಗಳ ಬಾಡಿಗೆ ಸಂದಾಯವಾಗಿದೆ ಎಂದು ಬರೆದಳು. "ಸರಿ ಮಗಳೇ" ಎನ್ನಲು ಹೊರಟವಳು "ಸರಿ" ಎಂದಷ್ಟೇ ಹೇಳಿ ರಸೀದಿ ಕೊಟ್ಟಳು.