ಅರ್ಧ ವಿಡಿಯೋ ನೋಡಿದ ಮೆಕ್ಯಾನಿಕ್

ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತದೆ ಎಂದು ನನ್ನ ಹೆಂಡತಿ ಮೂರು ತಿಂಗಳಿಂದ ಹೇಳುತ್ತಿದ್ದಳು. ‘ನಿನ್ನ ಕೈ ಸಡಿಲ, ಸ್ಟೀರಿಂಗ್ ಗಟ್ಟಿಯಾಗಿ ಹಿಡಿ’ ಎಂದು ನಾನೂ ಮೂರು ತಿಂಗಳಿಂದ ಉಪದೇಶ ಮಾಡುತ್ತಿದ್ದೆ. ನಾನು ಓಡಿಸಿದಾಗಲೂ ಅದು ಎಳೆಯುತ್ತಿತ್ತು. ಆಗ ಮಾತ್ರ ರಸ್ತೆಯೇ ವಾಲಿದೆ ಎನ್ನುತ್ತಿದ್ದೆ.

ಹದಿನೆಂಟು ವರ್ಷದ ಹಳೆಯ ಕಾರು. ಅದನ್ನು ನನಗಿಂತ ಚೆನ್ನಾಗಿ ಓಡಿಸುವವಳು ಅವಳೇ. ಹೋದ ವಾರ ಶಾಲೆಯ ಗೇಟಿನ ಹತ್ತಿರ ಕಾರು ಫುಟ್‌ಪಾತಿನ ಕಡೆ ಎಳೆದು, ಅಲ್ಲಿದ್ದ ಅಜ್ಜಿಯೊಬ್ಬರಿಂದ ಒಂದು ಗೇಣು ದೂರದಲ್ಲಿ ನಿಂತಿತಂತೆ. ಮನೆಗೆ ಬಂದವಳೇ ಕೀ ತಂದು ನನ್ನ ಮುಂದಿಟ್ಟಳು.

“ನನ್ನಿಂದ ಯಾರಿಗಾದ್ರೂ ಏನಾದ್ರೂ ಆದ್ರೆ ತಡ್ಕೊಳ್ಳೋಕಾಗಲ್ಲ ರೀ. ಇನ್ಮೇಲೆ ನಾನು ಓಡ್ಸಲ್ಲ.”

ಅವಳ ದನಿ ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ಬಾಯಿಂದ ಬಂದದ್ದು, “ಒಂದೆರಡು ದಿನ ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ ಬಿಡು” ಎಂಬ ಮಾತು.

ತಪ್ಪು ಅವಳ ಕೈಯದೇ ಎಂದು ಮೆಕ್ಯಾನಿಕ್ ಬಾಯಲ್ಲೇ ಹೇಳಿಸೋಣವೆಂದು ಅವಳನ್ನೂ ಕೂರಿಸಿಕೊಂಡು ಗ್ಯಾರೇಜಿಗೆ ಹೋದೆ. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಮೆಕ್ಯಾನಿಕ್ ಮುಂದಿನ ಎರಡೂ ಚಕ್ರ ಬಿಚ್ಚಿದ. ಎಡಗಡೆಯ ಬ್ರೇಕ್ ಪ್ಯಾಡ್ ಸವೆದು ಉಗುರಿನಷ್ಟಾಗಿತ್ತು. ಬಲಗಡೆಯದು ಹೊಸದರ ಹಾಗೆ ಕೂತಿತ್ತು.

“ಈ ಕಡೆ ಬ್ರೇಕೇ ಹಿಡೀತಿಲ್ಲ ಸಾರ್. ದುಡಿಮೆಯೆಲ್ಲ ಎಡಗಡೇದೇ. ಮೇಡಂ, ಸ್ವಲ್ಪ ಪೆಡಲ್ ಒತ್ತಿ.”

ಅವಳು ಒತ್ತಿದಳು. ಅವನು ಎಡಗಡೆಯ ತಿರುಪು ಸಡಿಲಿಸಿದಾಗ ಬ್ರೇಕ್ ಆಯಿಲ್ ಚಿಮ್ಮಿತು. ಬಲಗಡೆ ನೆಗಡಿಯಾದ ಮೂಗಿನಂತೆ ತೊಟ್ಟಿಕ್ಕಿತು. ಅವನು ಆ ಕಡೆಯ ರಬ್ಬರ್ ಪೈಪು ಕಳಚಿ ಬೆಳಕಿಗೆ ಹಿಡಿದ.

“ಹೊರಗೆ ಚೆನ್ನಾಗಿದೆ, ಒಳಗೆ ಹರಿದು ದಾರಿ ಮುಚ್ಚಿದೆ. ಪ್ರೆಶರ್ ಎಲ್ಲಿಂದ ಬರ್ಬೇಕು? ಪ್ಯಾಡ್ ಬದಲಾಯಿಸೋವಾಗ, ಪ್ಯಾಡ್ ಒತ್ತೋ ಈ ಕಬ್ಬಿಣದ ಕ್ಯಾಲಿಪರ್‌ನ ತಂತೀಲಿ ಕಟ್ಟದೆ, ಅಷ್ಟು ಭಾರಾನ ಈ ಪೈಪಲ್ಲೇ ನೇತಾಡಿಸಿದ್ದಾರೆ. ಯಾರು ಸಾರ್ ಆ ಪುಣ್ಯಾತ್ಮ?”

“ಯಾರೋ… ಬೇರೆ ಗ್ಯಾರೇಜಿನವರು.”

ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಅವಳು ಗಾಜಿನಾಚೆಯಿಂದ ನನ್ನನ್ನು ನೋಡಿದಳು. ನಾಲ್ಕು ತಿಂಗಳ ಹಿಂದೆ ನಮ್ಮ ಅಂಗಳದಲ್ಲಿ ಪ್ಯಾಡ್ ಬದಲಾಯಿಸಿದ್ದು ನಾನು. ಚಕ್ರದ ಸಂದಿಗೆ ಟಾರ್ಚ್ ಹಿಡಿದು ನಿಂತಿದ್ದವಳು ಅವಳು. ‘ಅದು ಹಾಗೆ ನೇತಾಡಬಹುದಾ?’ ಎಂದು ಕೇಳಿದ್ದಳು ಕೂಡ. ಟಾರ್ಚ್ ಅಲ್ಲಾಡಿಸಬೇಡ ಎಂದು ಗದರಿದ್ದೆ.

ಈಗ ಅವಳು ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಆ ಪುಣ್ಯಾತ್ಮ ನಾನೇ,” ಎಂದೆ.

ಮೆಕ್ಯಾನಿಕ್ ಕನ್ನಡಕ ಮೇಲೇರಿಸಿದ. “ಮತ್ತೆ ಎಡಗಡೆ ಪೈಪು ಹೇಗೆ ಸರಿಯಿದೆ?”

“ವಿಡಿಯೋ ಅರ್ಧ ನೋಡಿ ಬಲಗಡೆ ಮುಗಿಸಿದೆ. ತಂತಿ ಕಟ್ಟಬೇಕು ಅಂತ ಉಳಿದರ್ಧದಲ್ಲಿ ಹೇಳಿದ್ರು.”

ಅವನು ನಗು ತಡೆಯಲು ಚಕ್ರದ ಹಿಂದೆ ತಲೆ ಬಗ್ಗಿಸಿದ. ಭುಜ ಮಾತ್ರ ಕುಲುಕುತ್ತಿತ್ತು.

ಎರಡೂ ಕಡೆ ಹೊಸ ಪೈಪು, ಹೊಸ ಪ್ಯಾಡ್ ಹಾಕಿ, ಬ್ರೇಕ್ ಆಯಿಲ್‌ನಲ್ಲಿ ಸೇರಿದ್ದ ಗಾಳಿ ತೆಗೆದು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೀಯನ್ನು ಅವಳ ಕೈಗೆ ಕೊಟ್ಟೆ. ಅವಳು ಕಾರು ಹತ್ತಿದಳು, ನಾನು ಪಕ್ಕದಲ್ಲಿ ಕೂತೆ. ಗ್ಯಾರೇಜಿನ ಹಿಂದಿನ ಓಣಿ ಖಾಲಿಯಿತ್ತು. ಅವಳು ಸ್ಟೀರಿಂಗಿನ ಮೇಲೆ ಕೈಯಿಟ್ಟಳು. ‘ಗಟ್ಟಿಯಾಗಿ…’ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

“ತಪ್ಪಾಯ್ತು ಕಣೇ. ತಪ್ಪು ನಂದು, ಅನುಭವಿಸಿದ್ದು ನೀನು.”

ಅವಳು ಮೆಲ್ಲಗೆ ಕಾರು ಬಿಟ್ಟಳು. ಓಣಿಯ ನಡುವೆ ಎರಡೂ ಕೈಗಳನ್ನು ಸ್ಟೀರಿಂಗಿನಿಂದ ಒಂದಿಷ್ಟು ಮೇಲೆತ್ತಿ ಬ್ರೇಕ್ ಒತ್ತಿದಳು. ಕಾರು ನೆಟ್ಟಗೆ ನಿಂತಿತು.

“ನೋಡ್ಕೊಳ್ಳಿ,” ಎಂದಳು, ಕಣ್ಣು ತುಂಬಿಕೊಂಡು. “ಎಷ್ಟು ಸಡಿಲ ನನ್ನ ಕೈ.”